ನಲವತ್ತಮೂರು ಹೆಬ್ಬೆಟ್ಟುಗಳು

ಮೇ 5, ಸೋಮವಾರ. ಬೆಳಗ್ಗೆ 6:10

ಕುಸ್ಕೊದ ಈ ಕಾಲೇಜು ಹಾಸ್ಟೆಲಿನಲ್ಲಿ ಬಿಸಿನೀರು ಇಲ್ಲ. ಇವತ್ತೂ. ಬಾತ್‌ರೂಮಿನ ಮುಂದೆ ಏಳು ಜನರ ಕ್ಯೂ, ನಾನು ಎಂಟನೆಯವಳು. ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮುಖ ತೊಳೆದರೆ ಸಾಕು ಇವತ್ತಿಗೆ.

ಎಂಟಕ್ಕೆ ಬೆಹಾರ್ ಸರ್ ಇತಿಹಾಸ ಕ್ಲಾಸ್. ಅಸೈನ್‌ಮೆಂಟ್ ಕೊಡುತ್ತಾರಂತೆ.  ಐದು ವಾರದಲ್ಲಿ ಕ್ಲಾಸಿನಲ್ಲಿ ನಾನು ಬಾಯಿ ತೆರೆದಿದ್ದು ಅಟೆಂಡೆನ್ಸ್‌ಗೆ ಮಾತ್ರ.

ಮಧ್ಯಾಹ್ನ 1:30

ಅಸೈನ್‌ಮೆಂಟ್ ಬಂತು. "ಪ್ರಾಚೀನ ನಾಗರಿಕತೆಗಳು ತಮ್ಮನ್ನು ತಾವು ಹೇಗೆ ಆಳಿಕೊಂಡವು? ಇಂದಿನ ಸಮಾಜದೊಂದಿಗೆ ಹೋಲಿಸಿ. ಜೀವಂತ ಉದಾಹರಣೆ ಕೊಡಿ." ಎರಡು ವಾರ ಟೈಮ್.

ಸರ್ ಬೋರ್ಡಿನ ಮೇಲೆ ಐನೂರು ವರ್ಷದ ಹಿಂದೆ ನಮ್ಮ ಬೆಟ್ಟಗಳನ್ನು ಆಳಿದ ಇಂಕಾಗಳ ಆಡಳಿತ ಬರೆದರು. ಹತ್ತು ಮನೆಗೆ ಒಬ್ಬ, ನೂರು ಮನೆಗೆ ಒಬ್ಬ, ಸಾವಿರಕ್ಕೆ ಒಬ್ಬ. ಯಾರ ಲೆಕ್ಕಕ್ಕೂ ಸೇರದ ಮನುಷ್ಯ ಒಬ್ಬನೂ ಇಲ್ಲ. ವಿಧವೆಯರ ಹೊಲ, ಅನಾಥರ ಹೊಲ, ದೂರ ಹೋದವರ ಹೊಲ ಮೊದಲು ಉಳಬೇಕು, ಆಮೇಲೆ ನಿಮ್ಮದು. "ಹಾಗಂತ ಹಳೆಯ ಬರಹಗಾರರು ಹೇಳ್ತಾರೆ. ಎಷ್ಟು ನಿಜವೋ" ಎಂದು ಕೈಯ ಸೀಮೆಸುಣ್ಣದ ಪುಡಿ ಕೊಡವಿದರು.

ರಾಜಧಾನಿ ಲೀಮಾ ಕಡೆಯ ರೆನಾತೊ ಕೇಳಿದ, "ವೋಟು ಇತ್ತಾ ಸರ್?"

"ಇರಲಿಲ್ಲ."

"ಜೈಲು?"

"ಅದೂ ಹೆಚ್ಚುಕಡಿಮೆ ಇರಲಿಲ್ಲ."

"ಹಾಗಾದ್ರೆ ಸಮ ಸಮ ಆಯ್ತಲ್ಲ ಬಿಡಿ ಸರ್!" ಕ್ಲಾಸೆಲ್ಲ ನಗು.

ನನಗೆ ಅಪ್ಪನ ನೆನಪಾಯಿತು. ಈ ವರ್ಷ ನಮ್ಮೂರಿನ ದಂಡ ಹಿಡಿದವರು ಅವರೇ. ಬೆಳ್ಳಿ ಕಟ್ಟಿದ ಕೋಲು, ಅದು ಯಾರ ಕೈಯಲ್ಲಿದೆಯೋ ಅವರು ಊರಿನ ಯಜಮಾನರು. ಎಲೆಕ್ಷನ್ ಇಲ್ಲ. ಮನೆಯ ಸರದಿ ಬಂದರೆ ಗಂಡ ಹೆಂಡತಿ ಸೇರಿ ಒಂದು ವರ್ಷ ಹೊರಬೇಕು, ಆಗಲ್ಲ ಅನ್ನುವ ಹಾಗಿಲ್ಲ. ಹೇಳಬಹುದಿತ್ತು ಕ್ಲಾಸಿನಲ್ಲಿ. ಕೈ ಬೆಂಚಿನ ಕೆಳಗೇ ಉಳಿಯಿತು.

ಮೇ 9, ಶುಕ್ರವಾರ

ರೂಮ್‌ಮೇಟ್ ಮಿಲಾ ಕಾನೂನು ಓದುತ್ತಿದ್ದಾಳೆ, ಮೂರನೇ ವರ್ಷ. ಅರೆಕಿಪ ಪಟ್ಟಣದವಳು. ನನ್ನ ನೋಟ್ಸ್ ಓದಿ ನಕ್ಕಳು.

"ಇಂಕಾಗಳು ಅಂದ್ರೆ ದೇವರು ಅಂತ ಬರ್ದಿದೀಯಲ್ಲೇ! ತಲೆ ಎತ್ತಿದ ಊರನ್ನ ಊರಿಗೂರೇ ಎಬ್ಬಿಸಿ ಸಾವಿರ ಮೈಲಿ ನಡೆಸಿಬಿಡ್ತಿದ್ರು, ಗೊತ್ತಾ? ನಿಮ್ಮಜ್ಜ ಎಲ್ಲಿಂದ ನಡ್ಕೊಂಡು ಬಂದನೋ ಯಾರಿಗ್ಗೊತ್ತು."

ಅದನ್ನೂ ಸೇರಿಸಿದೆ. ಆದರೆ ಜೀವಂತ ಉದಾಹರಣೆ? ನಾಳೆ ಊರಿಗೆ ಹೋಗುತ್ತಿದ್ದೇನೆ. ಊರಲ್ಲಿ ಏನೋ ಗಲಾಟೆಯಂತೆ. ಅಮ್ಮ ಫೋನಿನಲ್ಲಿ ಪೂರ್ತಿ ಹೇಳಲಿಲ್ಲ.

ಮೇ 11, ಭಾನುವಾರ. ಸಂಜೆ, ಊರಿನಿಂದ ಹೊರಟ ವ್ಯಾನಿನಲ್ಲಿ

ವ್ಯಾನು ಕುಲುಕುತ್ತಿದೆ, ಅಕ್ಷರ ಸೊಟ್ಟ. ಮರೆಯುವ ಮೊದಲು ಬರೆಯಬೇಕು.

ತಿಬುರ್ಸಿಯೊ ಮಾವ, ಅಮ್ಮನ ದೊಡ್ಡಪ್ಪನ ಮಗ, ವಿಧವೆ ಫೆಲಿಸಿಯಾನಾಳ ಉಣ್ಣೆಗೆಂದು ಸಾಕಿದ ಎರಡು ಅಲ್ಪಾಕಾ ಕದ್ದು ಮಾರಿದ್ದ. ಗುರುವಾರ ಸಭೆ ಕೂತು ತೀರ್ಮಾನ ಮಾಡಿತ್ತು. ಮೂರು ದಿನ ಸಭಾಮನೆಯಲ್ಲಿ ಇರಬೇಕು, ಹಗಲು ಕೆರೆಯ ಕಟ್ಟೆಗೆ ಕಲ್ಲು ಹೊರಬೇಕು, ಕೊನೆಗೆ ಮೂರು ಏಟು. ಎರಡು ಮರಿ ತಿರುಗಿ ಕೊಡಬೇಕು.

ನಾನು ತಲುಪಿದಾಗ ಕಲ್ಲು ಹೊರುತ್ತಿದ್ದ. ಮಂಡಿ ಊದಿಕೊಂಡು ಕುಂಟುತ್ತಿದ್ದ. ನನ್ನ ನೋಡಿ, "ಬಂದ್ಯಾ ಇಂಗ್ಲಿಷ್ ಅಮ್ಮಣ್ಣಿ" ಅಂದ. ಮುಖ ತಿರುಗಿಸಿಬಿಟ್ಟೆ. ಹನ್ನೊಂದನೇ ವಯಸ್ಸಿಗೇ ಸಿಸ್ಟರ್‌ಗಳ ಹಾಸ್ಟೆಲ್ ಸೇರಿದವಳು ನಾನು, ಊರಿಗೆ ಬರುವುದು ರಜೆಗೆ ಮಾತ್ರ. ಆದರೆ ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದವನು ಇವನೇ.

ಇವತ್ತು ಬೆಳಗ್ಗೆ ಏಟು. ಊರಿನ ರೂಢಿಯಂತೆ ಹೊಡೆಯಬೇಕಾದ್ದು ಅವನನ್ನು ಮಡಿಲಲ್ಲಿಟ್ಟು ಹೆಸರಿಟ್ಟ ನಾಮಕರಣದ ತಾಯಿ, ಎಪ್ಪತ್ತು ದಾಟಿದ ಅಸುಂತಾ ಅಜ್ಜಿ. ಒಂದು ಹೊಡೆದು ಅತ್ತಳು. "ಇನ್ನೆರಡು ನೀವ್ ಯಾರಾದ್ರೂ ಹೊಡೀರಪ್ಪ, ನನ್ನ ಕೈಲಾಗಕಿಲ್ಲ."

ಮಾವನೇ ಹೇಳಿದ, "ಹೊಡಿ ಅವ್ವ. ಬೇರೆಯವ್ರು ಹೊಡೆದ್ರೆ ನೋಯ್ತದೆ."

ಆಮೇಲೆ ಎಲ್ಲರ ಮುಂದೆ ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದ. ಸ್ಕೂಲಿನ ಆಬೆಲ್ ಮೇಷ್ಟ್ರು ಅದನ್ನು ಊರಿನ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದರು. ಯಾರು ಏನು ಮಾಡಿದರು, ಯಾರು ಕಾವಲಿದ್ದರು, ಯಾರು ಹೊಡೆದರು, ಪ್ರತಿಯೊಂದೂ ಹೆಸರು ಸಮೇತ. ನಲವತ್ತಮೂರು ಮನೆ, ನಲವತ್ತಮೂರು ಹೆಬ್ಬೆಟ್ಟು. ಮಾವನದೂ ಒಂದು. ಅಪ್ಪ ಸೀಲು ಹಾಕಿದರು.

ಆಮೇಲೆ ಊಟ. ಮಾವನನ್ನು ನಡುವೆ ಕೂರಿಸಿ ಮೊದಲು ಅವನಿಗೇ ಬಡಿಸಿದರು. ಫೆಲಿಸಿಯಾನಾಳೇ ಬಿಸಿ ಆಲೂಗೆಡ್ಡೆ ಸುಲಿದು ಕೊಟ್ಟಳು. ಅಪ್ಪ ದಂಡ ಎತ್ತಿ ಹೇಳಿದರು, "ಪುಸ್ತಕ ಮುಚ್ಚಿತು. ನಾಳೆಯಿಂದ ಈ ಮಾತು ಎತ್ತಿದೋರು ಯಾರೇ ಆಗ್ಲಿ, ಅವ್ರು ಕಲ್ಲು ಹೊರ್ಬೇಕು."

ಎಲ್ಲರೂ ಉಣ್ಣುತ್ತಿದ್ದಾಗ ಅಪ್ಪನನ್ನು ಸಭಾಮನೆಯೊಳಗೆ ಕರೆದು ಕೇಳಿದೆ, "ಆ ಪುಟದ ಫೋಟೋ ತೆಗೀಲಾ? ಕಾಲೇಜಿಗೆ ಬೇಕು."

"ತೆಗೆಯವ್ವ, ಅದ್ಕೇನು." ತಾವೇ ಪುಸ್ತಕ ಬಿಡಿಸಿ ಎದೆಗೆ ಹಿಡಿದರು. "ಸೀಲು ಕಾಣ್ತದಾ?"

ಮೇ 19, ಸೋಮವಾರ

ಬರೆದು ಕೊಟ್ಟಾಯಿತು. ಒಂಬತ್ತು ಪುಟ. ಸಾವಿರ ಮನೆಗೆ ಒಬ್ಬ ಅಧಿಕಾರಿಯಿದ್ದ ಕಾಲದಿಂದ ನಲವತ್ತಮೂರು ಮನೆಗೆ ಒಂದು ದಂಡ ಇರುವ ನಮ್ಮೂರಿನ ತನಕ. ಇಂಕಾಗಳು ಹೋದರು, ಅವರ ರಸ್ತೆ, ಗೋದಾಮು ಎಲ್ಲ ಹೋಯಿತು. ತಪ್ಪನ್ನು ಮೂರು ದಿನದಲ್ಲಿ ಮುಗಿಸುವ ರೀತಿ ಮಾತ್ರ ಉಳಿದಿದೆ ಎಂದು ಬರೆದೆ. ಚೆನ್ನಾಗಿದೆಯೋ ಇಲ್ಲವೋ. 

ಮೇ 27, ಮಂಗಳವಾರ. ಬೆಳಗ್ಗೆ 11:00, ಲೈಬ್ರರಿ ಮೆಟ್ಟಿಲು

ಇಪ್ಪತ್ತಕ್ಕೆ ಹದಿನೆಂಟು!!

ಸರ್ ಎರಡು ಪ್ಯಾರಾ ಕ್ಲಾಸಿನಲ್ಲಿ ಓದಿದರು. "ಮಂಡಿ ಊದಿಕೊಂಡು ಕುಂಟುತ್ತಾ ಕಲ್ಲು ಹೊರುತ್ತಿದ್ದ. ನಾನು ಮುಖ ತಿರುಗಿಸಿದೆ." ಈ ಸಾಲು ಎರಡು ಸಲ ಓದಿ, "ಇದು ನೋಡಿ ಬರವಣಿಗೆ" ಅಂದರು. ರೆನಾತೊ ಹಿಂತಿರುಗಿ ನೋಡಿದ. ನಗಲಿಲ್ಲ.

ಆಮೇಲೆ ಆಫೀಸಿಗೆ ಕರೆದರು. ಡಿಪಾರ್ಟ್‌ಮೆಂಟ್ ಪತ್ರಿಕೆಯಲ್ಲಿ ಹಾಕುತ್ತಾರಂತೆ, ಇಂಟರ್ನೆಟ್‌ನಲ್ಲೂ.

"ಹೆಸರುಗಳನ್ನ ಬದಲಾಯಿಸೋಣವಾ?"

"ಬೇಡ ಸರ್. ನಮ್ಮ ಕಡೆ ಹೆಸರಿಲ್ಲದ ಮಾತನ್ನ ಯಾರೂ ನಂಬಲ್ಲ. ಹೆಸರು ಮುಚ್ಚಿಟ್ರೆ ಏನೋ ಮೋಸ ಇದೆ ಅಂತಾರೆ."

ಅವರಿಗೆ ಅದೂ ಇಷ್ಟವಾಯಿತು. "ಸರಿ. ನಿನ್ನ ಹೆಸರು? ಡೆಲ್ಫಿನಾ ವಿಲ್ಕಾ ಅಂತ ಪೂರ್ತಿ ಹಾಕ್ಲಾ?"

"ಅಯ್ಯೋ, ನಂದು ಬೇಡ ಸರ್."

"ಯಾಕಮ್ಮ?"

ಏನು ಹೇಳಲಿ? ಎಲ್ಲರೂ ಓದುತ್ತಾರೆ, ತಪ್ಪು ಹುಡುಕುತ್ತಾರೆ, ಕ್ಯಾಂಟೀನಿನಲ್ಲಿ ತೋರಿಸಿ ಮಾತಾಡುತ್ತಾರೆ. "ಪ್ರಥಮ ವರ್ಷದ ವಿದ್ಯಾರ್ಥಿ" ಅಂತ ಹಾಕಿ ಸಾಕು ಅಂದೆ.

ಜೂನ್ 10, ಮಂಗಳವಾರ

ಲೇಖನ ಪುಟದ ಫೋಟೋ ಸಮೇತ ಬಂದಿದೆ. ಯಾರೋ ಫೇಸ್‌ಬುಕ್‌ನಲ್ಲಿ ಹಂಚಿದ್ದಾರೆ, ಅಲ್ಲಿಂದ ಇನ್ಯಾರೋ. ಮೊದಲು ಖುಷಿಯಾಯಿತು. ಆಮೇಲೆ ಕಾಮೆಂಟ್ಸ್ ಓದಿದೆ.

"ಇದೇ ನಿಜವಾದ ನ್ಯಾಯ." "ಕಾಡುಜನ." "ಕಳ್ಳನಿಗೆ ಮೂರೇ ಏಟಾ?" "ಈ ತಿಬುರ್ಸಿಯೊ ನಮ್ಮ ಗ್ಯಾರೇಜಿನ ವಿಲ್ಬರ್ ಅಪ್ಪ ಅಲ್ವಾ, ಹ ಹ ಹ."

ವಿಲ್ಬರ್ ಮಾವನ ಮಗ. ಇಲ್ಲೇ ಕುಸ್ಕೊದಲ್ಲಿ ಮೆಕ್ಯಾನಿಕ್. ಅವನು ಇದ್ದಾನೆ ಎನ್ನುವುದೇ ನನಗೆ ಹೊಳೆದಿರಲಿಲ್ಲ.

ಸರ್‌ಗೆ ಹೇಳಿ ತೆಗೆಸಿದೆ. ತೆಗೆದರು. ಆದರೆ ಎಲ್ಲ ಕಡೆ ಇದೆ ಅದು.

ಜೂನ್ 16, ಸೋಮವಾರ. ಬೆಳಗ್ಗೆ 7:00

ಅಮ್ಮ ಫೋನ್ ಮಾಡಿದ್ದಳು. ವಿಲ್ಬರ್ ಸರ್ಕಾರಿ ವಕೀಲರ ಕಚೇರಿಯಲ್ಲಿ ದೂರು ಕೊಟ್ಟಿದ್ದಾನೆ. ಅಕ್ರಮ ಬಂಧನ, ಹಲ್ಲೆ. ಅಪ್ಪನಿಗೆ ಸಮನ್ಸ್ ಬಂದಿದೆ, 25ಕ್ಕೆ ಬರಬೇಕಂತೆ.

"ಅದ್ಯಾರೋ ಓದಿದೋರು ಇದನ್ನೆಲ್ಲ ಪೇಪರಲ್ಲಿ ಬರ್ದವ್ರಂತೆ ಕಣೆ. ನಿಮ್ಮ ಕಡೆ ಗೊತ್ತಾ?"

ಇಲ್ಲಮ್ಮ ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು.

ಜೂನ್ 24, ಮಂಗಳವಾರ

ಸೂರ್ಯನ ಹಬ್ಬ. ಕುಸ್ಕೊದಲ್ಲೆಲ್ಲ ರಜಾ, ಡೋಲು, ಟೂರಿಸ್ಟುಗಳು. ಅಪ್ಪ ಬೆಳಗಿನ ಬಸ್ಸಿಗೇ ಬಂದರು. ಮೈಮೇಲೆ ಉಣ್ಣೆಯ ಪೊಂಚೋ, ಕೈಯಲ್ಲಿ ದಂಡ, ಬೆನ್ನಿಗೆ ಬಟ್ಟೆಯ ಗಂಟು. ಅದರೊಳಗೆ ಬೇಯಿಸಿದ ಆಲೂಗೆಡ್ಡೆ, ಅಗಿಯಲು ಕೋಕಾ ಎಲೆ ಮತ್ತು ಊರಿನ ಪುಸ್ತಕ. ಪುಸ್ತಕಕ್ಕೆ ಮಾತ್ರ ಪ್ರತ್ಯೇಕವಾಗಿ ಪ್ಲಾಸ್ಟಿಕ್ ಸುತ್ತಿದ್ದರು.

ಜನರ ಹಿಂದೆ ನಿಂತು ಮೆರವಣಿಗೆ ನೋಡಿದೆವು. ವೇಷ ಹಾಕಿದ ಇಂಕಾ ದೊರೆ, ಚಿನ್ನದ ಬಣ್ಣದ ಪಲ್ಲಕ್ಕಿ. ಅಪ್ಪ ಬಹಳ ಹೊತ್ತು ನೋಡಿದರು.

"ಇಷ್ಟೊಂದು ಜನ ಹೊತ್ಕೊಂಡವ್ರಲ್ಲ, ಇವ್ನು ಇಳಿಯೋದು ಯಾವಾಗ?"

"ಸಂಜೆ ಅಪ್ಪ. ನಾಟಕ ಅದು."

"ನಮ್ದು ಒಂದ್ ವರ್ಷ. ಇವ್ನದು ಒಂದ್ ದಿನ. ಇವ್ನೇ ಬುದ್ಧಿವಂತ ಬಿಡು."

ಒಬ್ಬಳು ಟೂರಿಸ್ಟ್ ಅಪ್ಪನ ಜೊತೆ ಫೋಟೋ ತೆಗೆಸಿಕೊಂಡಳು. ದಂಡ ಹಿಡಿದುಕೊಳ್ಳಬಹುದಾ ಅಂತ ಕೇಳಿದಳು. ನಾನು ಇಂಗ್ಲಿಷಿನಲ್ಲಿ ನೋ ಅಂದೆ, ಜೋರಾಗಿ. ಅಪ್ಪ ನಕ್ಕರು. ನನ್ನ ಇಂಗ್ಲಿಷ್ ಕೇಳಿದರೆ ಅವರಿಗೆ ಯಾವಾಗಲೂ ನಗು.

ಹಾಸ್ಟೆಲ್ ಗೇಟಿನ ಹತ್ತಿರ ಮಿಲಾ ಬಂದಳು. ನಾನೇ ಬರಹೇಳಿದ್ದೆ. ಕೈಮುಗಿದು ಹೇಳಿದಳು, "ಅಂಕಲ್, ಆ ಪುಸ್ತಕ ಕೊಡ್ಬೇಡಿ. ತಂದಿಲ್ಲ, ಊರಲ್ಲಿದೆ ಅಂತ ಹೇಳಿ. ಊರಿನ ನ್ಯಾಯಕ್ಕೆ ಕಾನೂನಲ್ಲಿ ಜಾಗ ಇದೆ, ಆದ್ರೆ ಕೂಡಿಹಾಕೋದು, ಹೊಡೆಯೋದು ಅಂತ ಬಂದ್ರೆ ಕಷ್ಟ. ನೀವು ಏನೂ ಒಪ್ಕೋಬಾರ್ದು."

"ಒಪ್ಕೊಳ್ದೇ ಇದ್ರೆ ಹೆಂಗವ್ವ ಮುಗಿಯೋದು?"

"ಒಪ್ಕೊಂಡ್ರೆ ಅಲ್ಲಿಂದ ಶುರುವಾಗುತ್ತೆ ಅಂಕಲ್!"

ಅಪ್ಪ ಅವಳಿಗೆ ಎರಡು ಆಲೂಗೆಡ್ಡೆ ಕೊಟ್ಟರು. "ನೀನು ಬಹಳ ಓದಿದೀಯ. ಆದ್ರೆ ಇದ್ರಲ್ಲಿ ಎಲ್ಲಾ ಬರ್ದದೆ. ಹಿಂದೆ ಮುಂದೆ ಏನೂ ಬಚ್ಚಿಟ್ಟಿಲ್ಲ. ಓದಿದ್ರೆ ಅವ್ರಿಗೇ ಅರ್ಥ ಆಗ್ತದೆ."

ನಾನು ಪಕ್ಕದಲ್ಲೇ ಇದ್ದೆ. ಅಪ್ಪ, ಕೊಡಬೇಡಿ ಅನ್ನಬಹುದಿತ್ತು. ಯಾಕೆ ಎಂದು ಕೇಳಿದರೆ? ಅದೇ ಪುಟ ಇಂಟರ್ನೆಟ್‌ನಲ್ಲಿದೆ, ಕೊಟ್ಟರೂ ಒಂದೇ ಬಿಟ್ಟರೂ ಒಂದೇ ಎಂದು ಅಂದುಕೊಂಡೆ. 

ಜೂನ್ 25, ಬುಧವಾರ. ಮಧ್ಯಾಹ್ನ 3:00

ಕೊಟ್ಟುಬಿಟ್ಟರು. ಎರಡೂ ಕೈಯಲ್ಲಿ ಹಿಡಿದು, ಗುರುವಿಗೆ ಕೊಡುವ ಹಾಗೆ.

ಸರ್ಕಾರಿ ವಕೀಲರು ಕೆಟ್ಟವರೇನಲ್ಲ. ಕೂರಲು ಕುರ್ಚಿ ಕೊಟ್ಟರು. ಪುಟ ಬಿಡಿಸಿ ನಿಧಾನವಾಗಿ ಓದಿದರು. ಇಂಟರ್ನೆಟ್‌ನಲ್ಲಿ ಇದ್ದದ್ದು ಒಂದು ಪುಟ. ಪುಸ್ತಕದಲ್ಲಿ ಹನ್ನೊಂದು ವರ್ಷ. ಆರು ಶಿಕ್ಷೆ, ಆರಕ್ಕೂ ಹೆಸರು, ದಿನ, ಸಾಕ್ಷಿ.

"ಇದನ್ನ ನೀವೇ ಬರೆಸಿ ಸೀಲು ಹಾಕಿದ್ರಾ?"

"ಹೌದು ಸ್ವಾಮಿ."

"ಆ ಮನುಷ್ಯನ ಮಂಡಿಗೆ ಏಟಾಗಿತ್ತು. ಡಾಕ್ಟರಿಗೆ ತೋರಿಸಿದ್ರಾ?"

ಅಪ್ಪ ಯೋಚಿಸಿದರು. "ಇಲ್ಲ. ಅದು ನಮ್ಮ ತಪ್ಪು. ಬರ್ಕೊಳ್ಳಿ."

ಬರೆದುಕೊಂಡರು. ನಲವತ್ತಮೂರು ಹೆಬ್ಬೆಟ್ಟನ್ನೂ ಎಣಿಸಿ, ಇವರೆಲ್ಲರೂ ಆರೋಪಿಗಳಾಗುತ್ತಾರೆ ಅಂದಾಗ ಅಪ್ಪನ ಮುಖ ಮೊದಲ ಬಾರಿ ಇಳಿಯಿತು.

"ದಂಡ ನನ್ನ ಕೈಲಿತ್ತು. ನಾನೊಬ್ನೇ ಅಂತ ಹಾಕಿ."

"ಹಾಗೆ ಆಗಲ್ಲ ಯಜಮಾನ್ರೇ."

"ಎಲ್ಲಾ ನಾನೇ ಹೇಳಿ ಮಾಡ್ಸಿದ್ದು. ಹಾಕಿ."

ಜುಲೈ 2, ಬುಧವಾರ

ವಿಚಾರಣೆ ಆಯಿತು, ಸದ್ಯಕ್ಕೆ ಅಪ್ಪನೊಬ್ಬರ ಮೇಲೆ. ಮುಗಿದ ಮೇಲೆ ಎರಡು ಗಂಟೆ ಕೋರ್ಟಿನ ಹಿಂದಿನ ಪಾರ್ಕಿನಲ್ಲಿ ಕೂತಿದ್ದೆ. ಅಮ್ಮ ದಂಡ ಹಿಡಿದುಕೊಂಡು ಪಕ್ಕದಲ್ಲಿ. ಅಪ್ಪನನ್ನು ಒಳಗೆ ಕರೆದೊಯ್ಯುವಾಗ ದಂಡ ಕೈಯಿಂದ ಬಿಡುವುದಿಲ್ಲ ಎಂದು ಅವರು ಹಟ ಹಿಡಿದರಂತೆ. ಕೊನೆಗೆ ಪೊಲೀಸಿನವನೇ ಅಮ್ಮನ ಕೈಗೆ ಕೊಟ್ಟ.

ಬರೆಯಲೇಬೇಕು.

ಸರ್ಕಾರಿ ವಕೀಲರು ನನ್ನ ಸಾಲನ್ನು ಎರಡು ಸಲ ಓದಿದರು. "ಮಂಡಿ ಊದಿಕೊಂಡು ಕುಂಟುತ್ತಾ ಕಲ್ಲು ಹೊರುತ್ತಿದ್ದ. ನಾನು ಮುಖ ತಿರುಗಿಸಿದೆ." ಕಣ್ಣಾರೆ ನೋಡಿದ ಸಾಕ್ಷಿ ಬರೆದದ್ದು, ಹಿಂಸೆಗೆ ಇದಕ್ಕಿಂತ ಪುರಾವೆ ಬೇಕೇ ಅಂದರು. ಬೆಹಾರ್ ಸರ್ ಹಾಗೆಯೇ ಎರಡು ಸಲ ಓದಿದ್ದರು.

ತಿಬುರ್ಸಿಯೊ ಮಾವ ಎದ್ದು ಕೂಗಿದ, "ನಂಗೆ ಯಾವ ದೂರೂ ಇಲ್ಲ ಸ್ವಾಮಿ! ಹೊಡೆಸ್ಕೊಂಡೋನು ನಾನು, ನನ್ನ ಕೇಳಿ!" ಕೂರಿಸಿದರು. ವಿಲ್ಬರ್ ತಲೆ ತಗ್ಗಿಸಿಕೊಂಡಿದ್ದ.

ಜಡ್ಜ್ ಕೇಳಿದರು, ಈ ಲೇಖನ ಬರೆದ ವಿದ್ಯಾರ್ಥಿ ಯಾರು? ಪತ್ರಿಕೆಯವರು ಲೇಖಕರ ಒಪ್ಪಿಗೆ ಇಲ್ಲದೆ ಹೆಸರು ಹೇಳುವುದಿಲ್ಲ ಅಂದಿದ್ದಾರೆ. ಪುಟದ ಫೋಟೋ ತೆಗೆದವರು ಯಾರು? ನಿಮಗೆ ಗೊತ್ತೇ?

ಅಪ್ಪ ನನ್ನ ಕಡೆ ನೋಡಿದರು. ಮೂರನೇ ಸಾಲು, ಕಿಟಕಿ ಪಕ್ಕ. ಆಮೇಲೆ ಗೋಡೆ ನೋಡಿದರು.

"ಗೊತ್ತಿಲ್ಲ ಸ್ವಾಮಿ. ದಾರೀಲಿ ಹೋಗೋರು ಯಾರೋ ಇರ್ಬೇಕು."

ಅಪ್ಪನಿಗೆ ಐವತ್ತೆರಡು ವರ್ಷ, ಅವರು ಹೇಳಿದ ಸುಳ್ಳು ನಾನು ಕೇಳಿದ್ದು ಇದೊಂದೇ. ಸುಳ್ಳು ಹೇಳಲು ಬರುವುದೇ ಇಲ್ಲ ಅವರಿಗೆ. ಕಿವಿ ಕೆಂಪಾಗಿತ್ತು. ಜಡ್ಜ್‌ಗೂ ತಿಳಿಯಿತು. ಏನನ್ನೋ ಮುಚ್ಚಿಡುತ್ತಿದ್ದಾರೆ, ಹೊರಗಿದ್ದರೆ ಸಾಕ್ಷಿಗಳನ್ನು ಹೆದರಿಸಬಹುದು. ತೀರ್ಪಿಗೆ ಮೊದಲೇ ಒಂಬತ್ತು ತಿಂಗಳು ಒಳಗೆ ಅಂದರು.

ನಾನು ಎದ್ದು ನಿಲ್ಲಬಹುದಿತ್ತು.

ನಿಲ್ಲಲಿಲ್ಲ.

ಜುಲೈ 12, ಶನಿವಾರ

ಜೈಲಿನಲ್ಲಿ ಇವತ್ತು ಹೆಂಗಸರು ಭೇಟಿಗೆ ಹೋಗುವ ದಿನ. ನಾನೊಬ್ಬಳೇ ಹೋಗಿದ್ದೆ. ಕೈಗೆ ನಂಬರ್ ಬರೆದು ಒಳಗೆ ಬಿಡುತ್ತಾರೆ. ಅಪ್ಪ ಪೊಂಚೋ ಇಲ್ಲದೆ ಚಿಕ್ಕವರಾಗಿ ಕಂಡರು.

"ಇಲ್ಲಿ ಕೆಲ್ಸ ಏನು ಅಪ್ಪ?"

"ಏನೂ ಇಲ್ಲ. ಕೂರುಸ್ತಾರೆ. ಬೆಳಗ್ಗೆ ಲೆಕ್ಕ, ಸಂಜೆ ಲೆಕ್ಕ. ಕೂತ್ಕೊಂಡೇ ತಪ್ಪು ತೀರ್ತದಂತೆ." ನಕ್ಕರು. "ಒಂದ್ ಕಲ್ಲಾದ್ರೂ ಕೊಡ್ರಯ್ಯಾ ಅಂದೆ. ಹುಚ್ಚ ಅಂದ್ಕೊಂಡ್ರು."

"ಅಪ್ಪ, ಆ ಬರ್ದಿದ್ದು—"

"ಬೇಡ."

"ಅಪ್ಪ, ನಾನು—"

"ನೀನೇನೂ ಹೇಳ್ಬೇಡ ಮಗ. ಬಾಯ್ಬಿಟ್ಟು ಹೇಳಿದ್ರೆ ನಾನು ಸುಳ್ಳ ಆಯ್ತೀನಿ. ಹೇಳ್ದೇ ಇದ್ರೆ ಇದು ಯಾರಿಗೂ ಗೊತ್ತಿಲ್ದೇ ಇರೋ ಮಾತು, ಅಷ್ಟೆ." ನನ್ನ ಕೈಯ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಲು ನೋಡಿದರು. ಅಳಿಸಲಿಲ್ಲ. "ನನ್ನ ಕೇಸ್ ನೋಡೋ ಲಾಯರಮ್ಮ ಪೂರ್ತಿ ಓದಿ ಹೇಳಿದ್ರು. ಚೆನ್ನಾಗಿ ಬರ್ದದೆ. ನಮ್ಮೂರು ಕಣ್ಣಿಗೆ ಕಂಡಂಗಾಯ್ತು."

ಗೇಟಿನ ಹೊರಗೆ ಬಂದು ನಲ್ಲಿಯ ಕೆಳಗೆ ಕೈಯ ನಂಬರನ್ನು ತಿಕ್ಕಿದೆ.

ಜುಲೈ 24, ಗುರುವಾರ. ಬೆಳಗ್ಗೆ, ಊರು

ಸೆಮಿಸ್ಟರ್ ಮುಗಿಯಿತು. ಎಲ್ಲ ಪಾಸ್. ಬೆಹಾರ್ ಸರ್ ಕ್ಷಮೆ ಕೇಳಿದರು, ಮೇಜಿನ ಮೇಲಿನ ಪೇಪರುಗಳನ್ನು ಜೋಡಿಸುತ್ತಾ. ಹೆಸರು ತೆಗೆಯಬೇಕಿತ್ತು, ನನ್ನದೇ ತಪ್ಪು ಅಂದರು. ನಿನ್ನ ಹೆಸರು ಬಿಟ್ಟುಕೊಡುವುದಿಲ್ಲ ಅಂತಲೂ. ಎಲ್ಲರೂ ನನ್ನ ಹೆಸರನ್ನೇ ಕಾಪಾಡುತ್ತಿದ್ದಾರೆ.

ಇಲ್ಲಿ ಹೆಪ್ಪುಗಟ್ಟುವ ಚಳಿ. ಆಲೂಗೆಡ್ಡೆ ಹರವಿ, ಹಿಮಕ್ಕೆ ಬಿಟ್ಟು, ಬಿಸಿಲು ಬಂದ ಮೇಲೆ ತುಳಿದು ನೀರು ತೆಗೆದು ಒಣಗಿಸುವ ಕಾಲ. ವರ್ಷಪೂರ್ತಿ ಕೆಡದ ಗೆಡ್ಡೆ. ನಮ್ಮ ಮನೆಯಲ್ಲಿ ಈ ಸಲ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ಎದ್ದು ಹೊರಗೆ ಬಂದರೆ ನಮ್ಮ ಹುಲ್ಲುಗಾವಲಿನಲ್ಲಿ ಹದಿನೈದು ಜನ ಬರಿಗಾಲಲ್ಲಿ ತುಳಿಯುತ್ತಿದ್ದಾರೆ. ತಮ್ಮ ಗೆಡ್ಡೆ ಇನ್ನೂ ಮುಟ್ಟಿಲ್ಲ.

"ಮನೆ ಯಜಮಾನ ದೂರ ಹೋಗವ್ನೆ, ಮೊದ್ಲು ಅವ್ನ ಮನೇದು" ಅಂದಳು ಫೆಲಿಸಿಯಾನಾ, ಬೇರೆ ಹೇಗಿರಲು ಸಾಧ್ಯ ಎನ್ನುವ ಹಾಗೆ.

ಇದನ್ನೇ ನಾನು ಎರಡನೇ ಪುಟದಲ್ಲಿ ಬರೆದಿದ್ದೆ. ಅಡಿಟಿಪ್ಪಣಿ ಸಮೇತ. ಓದಿದಾಗ ಚೆಂದವಿತ್ತು. ಕಾಲು ನೀಲಿಗಟ್ಟಿದವರ ಮುಂದೆ ನಿಂತಾಗ ಹಾಗಿಲ್ಲ.

ತಿಬುರ್ಸಿಯೊ ಮಾವನೂ ಇದ್ದ. ಇನ್ನೂ ಸ್ವಲ್ಪ ಕುಂಟು. ಅವನ ಪಕ್ಕ ನಿಂತು ತುಳಿದೆ.

"ಹಂಗಲ್ಲ ಇಂಗ್ಲಿಷ್ ಅಮ್ಮಣ್ಣಿ, ಹಿಮ್ಮಡೀಲಿ ಒತ್ತು. ಡ್ಯಾನ್ಸ್ ಮಾಡ್ದಂಗೆ ಮಾಡಿದ್ರೆ ಗೆಡ್ಡೆ ನಗ್ತದೆ."

"ವಿಲ್ಬರ್ ಬಂದಿದ್ನಾ ಮಾವ?"

"ಫೋನೇ ಎತ್ತಾಕಿಲ್ಲ. ಅಲ್ಲಿ ಗ್ಯಾರೇಜಲ್ಲಿ ಅವ್ನ ಕಳ್ಳನ ಮಗ ಅಂತಾರಂತೆ, ಮುಖದ ಮೇಲೇ." ಒಂದು ಗೆಡ್ಡೆಯನ್ನು ಹಿಮ್ಮಡಿಯಿಂದ ಒತ್ತಿ ಪಕ್ಕಕ್ಕೆ ತಳ್ಳಿದ. "ಇಲ್ಲಿ ಒಬ್ಬರೂ ಅನ್ನಲಿಲ್ಲ ನೋಡು. ಫೆಲಿಸಿಯಾನಾನೂ ಅನ್ನಲಿಲ್ಲ. ನಾನು ಮರ್ತೇಬಿಟ್ಟಿದ್ದೆ."

ನಾನು ಕಾಲು ನೋಡುತ್ತಿದ್ದೆ.

"ಬರ್ದೋನು ನೀನು ಓದೋ ಕಡೇವ್ನೇ ಅಂತಲ್ಲ. ಸಿಕ್ರೆ ಹೇಳವ್ವ, ನನ್ನ ಮಂಡಿ ವಾಸಿ ಆಯ್ತು ಅಂತ. ಪಾಪ, ನೋಡಿ ನೊಂದ್ಕೊಂಡಿದ್ದ ಅಂತ ಕಾಣ್ತದೆ."

ಜುಲೈ 26, ಶನಿವಾರ

ಅಮ್ಮನ ಮಾತು ಕಡಿಮೆಯಾಗಿದೆ. ದಂಡ ಗಂಡ ಹೆಂಡತಿ ಇಬ್ಬರದೂ, ಹಾಗಾಗಿ ಈಗ ಅವಳೇ ಯಜಮಾನಿ. ಬೆಳಗ್ಗೆ ನೀರಿನ ಜಗಳ ಬಗೆಹರಿಸಿ ಬಂದು ಒಲೆ ಊದಲು ಕೂರುತ್ತಾಳೆ.

ನಾಳೆ ಸಭೆ. ಪುಸ್ತಕ ಕೋರ್ಟಿನಲ್ಲಿದೆ, ಹೊಸದು ತಂದಿದ್ದಾರೆ. ಒಂದೇ ವಿಷಯ. ಮುಚ್ಚಿದ ಮಾತನ್ನು ಊರ ಹೊರಗೆ ಎತ್ತಿದವರು ಯಾರು?

"ಯಾರಂತಾರೆ ಅಮ್ಮ?"

"ಆಬೆಲ್ ಮೇಷ್ಟ್ರು ಅಂತವ್ರೆ. ಪುಸ್ತಕ ಬರಿಯೋನು ಅವ್ನು, ದೊಡ್ಡ ಫೋನು ಇರೋದು ಅವ್ನ ಹತ್ರ, ಹೊರಗಿನೋನು ಬೇರೆ. ಊರು ಬಿಡಿ ಅಂತ ಹೇಳಕ್ಕೆ ಹೊಂಟವ್ರೆ."

"ಅವ್ರು ಅಲ್ಲ ಅಂದ್ರೆ?"

"ಅಲ್ಲ ಅಂತ್ಲೇ ಅಂತಾನೆ. ನಂಬೋರು ಯಾರು? ಹೆಸರೇ ಇಲ್ವಲ್ಲ ಬರ್ದಿದ್ರಲ್ಲಿ."

ಮೇಷ್ಟ್ರು ಆರು ವರ್ಷದಿಂದ ಇಲ್ಲಿದ್ದಾರೆ. ಹಾಸ್ಟೆಲ್ ರಜೆಯಲ್ಲಿ ಬಂದಾಗ ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಹೆಂಡತಿ ಬಸುರಿ.

ಜುಲೈ 27, ಭಾನುವಾರ. ಬೆಳಗ್ಗೆ 10:40, ಸಭಾಮನೆ

ಹಿಂದಿನ ಬೆಂಚು. ಎಲ್ಲರೂ ಬಂದಿದ್ದಾರೆ. ನಾನು ಏನೋ ನೋಟ್ಸ್ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ, ಯಾರೂ ಕೇಳುವುದಿಲ್ಲ. 

ಮೇಷ್ಟ್ರು ಎದ್ದು ನಿಂತಿದ್ದಾರೆ. "ನನ್ನ ಫೋನ್ ತಗೊಳ್ಳಿ, ಎಲ್ಲಾ ಫೋಟೋ ನೋಡಿ. ಇನ್ನೇನು ಮಾಡ್ಲಿ?" ಫೋನು ಮುಂದೆ ಚಾಚಿದ್ದಾರೆ. ಯಾರೋ, "ಅಳಿಸ್ಬಿಟ್ರೆ ಏನ್ ಕಾಣ್ತದೆ?" ಅಂದರು. ಅವರ ಹೆಂಡತಿ ಬಾಗಿಲ ಹತ್ತಿರ, ಹೊಟ್ಟೆಯ ಮೇಲೆ ಕೈ.

ಅಸುಂತಾ ಅಜ್ಜಿ: "ತಡೀರಪ್ಪ. ಮಾಡಿದೋರು ಇಲ್ಲೇ ಇದ್ರೆ ಅವ್ರೇ ಹೇಳ್ತಾರೆ. ಯಾವತ್ತು ಹೇಳಿಲ್ಲ ಹೇಳಿ?"

ಹೇಳಿದರೆ ಮೇಷ್ಟ್ರು ಉಳಿಯುತ್ತಾರೆ. ಹೇಳಿದರೆ ಪುಸ್ತಕದಲ್ಲಿ ಬರೆಯುತ್ತಾರೆ, ಹೆಸರು ಸಮೇತ, ಗಟ್ಟಿಯಾಗಿ ಓದುತ್ತಾರೆ. ಒಂದಲ್ಲ ಒಂದು ದಿನ ಆ ಪುಸ್ತಕವೂ ಕೋರ್ಟಿಗೆ ಹೋಗುತ್ತದೆ, ಇವರೇ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಅಲ್ಲಿ ಅಪ್ಪ ಸುಳ್ಳುಗಾರ. ಒಂಬತ್ತು ತಿಂಗಳು ಎಷ್ಟಾಗುತ್ತದೋ. ಹೇಳಬೇಡ ಅಂದಿದ್ದಾರೆ. ಅವರು ನನಗೆ ಕೊಟ್ಟದ್ದು ಅದೊಂದೇ, ಅದಕ್ಕಾಗಿ ತಮ್ಮದೆಲ್ಲ ಕೊಟ್ಟರು.

ಆದರೆ ಅಪ್ಪನೇ ಈಗ ಇಲ್ಲಿ ದಂಡ ಹಿಡಿದು ನಿಂತಿದ್ದರೆ? ಮೇಷ್ಟ್ರನ್ನು ಊರು ಬಿಡಿಸಲು ಬಿಡುತ್ತಿದ್ದರೇ? ಆ ಸುಳ್ಳು ಹೇಳಿದ್ದು ಅಪ್ಪ, ಯಜಮಾನರಲ್ಲ. ಇಬ್ಬರಲ್ಲಿ ಯಾರ ಮಾತು ಕೇಳಲಿ.

ಅಮ್ಮ ಎದ್ದಳು. ದಂಡ ಅವಳಿಗಿಂತ ಎತ್ತರ.

"ಹೇಳೋರು ಇದ್ರೆ ಕೈ ಎತ್ತಿ. ಮೂರು ಸಲ ಕೇಳ್ತೀನಿ. ಆಮೇಲೆ ಮೇಷ್ಟ್ರ ಹೆಸ್ರು ಬರಿಯೋದು."

ಒಂದು ಸಲ ಕೇಳಿದಳು. ಯಾರೂ ಇಲ್ಲ. ತಿಬುರ್ಸಿಯೊ ಮಾವ ನೆಲ ನೋಡುತ್ತಿದ್ದಾನೆ.

ಎರಡನೇ ಸಲ. ಕೇಳುವಾಗ ಎಲ್ಲರ ಕಡೆ ನೋಡಿದಳು, ನನ್ನೊಬ್ಬಳನ್ನು ಬಿಟ್ಟು. ಅಮ್ಮನಿಗೆ ಗೊತ್ತು. ಯಾವಾಗಿನಿಂದಲೋ ಗೊತ್ತು.

 ಮೇಷ್ಟ್ರು ಕೂತರು. ಹೊಸ ಪುಸ್ತಕದ ಮೊದಲ ಪುಟ ಖಾಲಿ. ಅಮ್ಮ ಉಸಿರು ಎಳೆದುಕೊಂಡಳು. ಕೈ ಎತ್ತಬೇಕೆಂದರೆ ಈ ಪೆನ್ನು ಕೆಳಗಿಡಬೇಕು, ಬೇರೆ ಕೈಯಲ್ಲಿ ಡೈರಿ ಇದೆ. ಪೆನ್ನು ಇಡುತ್ತಿದ್ದೇನೆ.